ಬಿಳಿಯಕ್ಕಿ ಹಳ್ಳಿಯ ಗುಡಿಸಲು ಬೆಸಿಲಿಕಾ ಆದ ಬಗೆ

ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಮುಂದೆ ಪ್ರತಿ ವರ್ಷ ಆಗಸ್ಟ್ 29ರಂದು ಧ್ವಜ ಏರುತ್ತದೆ. ಅಂದಿನಿಂದ ಸೆಪ್ಟೆಂಬರ್ 8ರವರೆಗೆ, ಅಂದರೆ ಮಾತೆ ಮರಿಯಮ್ಮನವರ ಹುಟ್ಟುಹಬ್ಬದವರೆಗೆ, ರಸೆಲ್ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾವಿ ಬಟ್ಟೆ ಉಟ್ಟವರು, ಹರಕೆ ಹೊತ್ತವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು ಮೇಣದ ಬತ್ತಿ ಹಿಡಿದು ಸಾಲುಗಟ್ಟುತ್ತಾರೆ. ಸೀರೆ ಉಡಿಸಿದ ಮರಿಯಮ್ಮನ ವಿಗ್ರಹ ತೇರಿನಲ್ಲಿ ಹೊರಟಾಗ ಕೈ ಮುಗಿಯುವವರೆಲ್ಲ ಕ್ರೈಸ್ತರೇ ಆಗಿರಬೇಕೆಂದಿಲ್ಲ.

ಇಂದು ನಗರದ ನಡುವಿನಲ್ಲಿರುವ ಈ ಜಾಗ ಇನ್ನೂರು ವರ್ಷಗಳ ಹಿಂದೆ ಊರಾಚೆಯ ಹೊಲವಾಗಿತ್ತು. ಕೆಂಪೇಗೌಡರ ಪೇಟೆ ಇಲ್ಲಿಂದ ದೂರ. ಬ್ರಿಟಿಷರ ದಂಡು ಆಗಷ್ಟೇ ಬೀಡುಬಿಟ್ಟಿತ್ತು. ಹುಲ್ಲು ಹೊದಿಸಿದ ಒಂದು ಪುಟ್ಟ ಪ್ರಾರ್ಥನಾ ಮಂದಿರ, ಅದರ ಸುತ್ತ ಹೊರಗಿನಿಂದ ಬಂದು ನೆಲೆಸಿದ ಕೆಲವು ಕುಟುಂಬಗಳು, ಅಷ್ಟೇ. ಆ ಮಂದಿರ ದೇಶದ ಹೆಸರಾಂತ ದೇವಾಲಯವಾಗಿ ಬೆಳೆದ ಕಥೆ ಒಂದು ಕಟ್ಟಡದ ಕಥೆ ಮಾತ್ರವಲ್ಲ. ಬೆಂಗಳೂರಿಗೆ ಯಾರು ಯಾವಾಗ ಏಕೆ ಬಂದರು, ಬಂದವರು ಯಾವ ಭಾಷೆಯಲ್ಲಿ ದೇವರನ್ನು ಕರೆದರು ಎಂಬ ಕಥೆಯೂ ಹೌದು. ಇದರಲ್ಲಿ ಎರಡನೆಯ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ಧರ್ಮಕೇಂದ್ರ ಎಂದರೆ

ಕ್ಯಾಥೋಲಿಕ್ ಧರ್ಮಸಭೆಯ ಆಡಳಿತದ ಅತಿ ಚಿಕ್ಕ ಘಟಕಕ್ಕೆ ಕನ್ನಡದಲ್ಲಿ ‘ಧರ್ಮಕೇಂದ್ರ’ ಎನ್ನುತ್ತಾರೆ. ಹಲವು ಧರ್ಮಕೇಂದ್ರಗಳು ಸೇರಿದರೆ ಒಂದು ಧರ್ಮಪ್ರಾಂತ್ಯ. ಅದರ ಮುಖ್ಯಸ್ಥ ಬಿಷಪ್, ಅಂದರೆ ಧರ್ಮಾಧ್ಯಕ್ಷ. ಕಟ್ಟಡ ಇದ್ದ ಮಾತ್ರಕ್ಕೆ ಧರ್ಮಕೇಂದ್ರ ಆಗುವುದಿಲ್ಲ. ಬಿಷಪ್ ಅದನ್ನು ವಿಧಿವತ್ತಾಗಿ ಸ್ಥಾಪಿಸಿ, ಎಲ್ಲೆ ಗುರುತಿಸಿ, ಒಬ್ಬ ಪಾದ್ರಿಯನ್ನು ಅದರ ಹೊಣೆಗಾರನನ್ನಾಗಿ ನೇಮಿಸಬೇಕು. ನಮ್ಮ ಪೊಲೀಸ್ ಠಾಣೆಗೆ ‘ಸರಹದ್ದು’ ಇರುವ ಹಾಗೆಯೇ ಧರ್ಮಕೇಂದ್ರಕ್ಕೂ ಬೀದಿ ಬೀದಿಯ ಲೆಕ್ಕದಲ್ಲಿ ಸರಹದ್ದು ಇರುತ್ತದೆ.

ಅದರ ಜೀವಾಳವೆಂದರೆ ರಿಜಿಸ್ಟರು. 16ನೆಯ ಶತಮಾನದ ಟ್ರೆಂಟ್ ಮಹಾಸಭೆಯ ನಂತರ ಪ್ರತಿ ಧರ್ಮಕೇಂದ್ರವೂ ಜ್ಞಾನಸ್ನಾನ ಮತ್ತು ವಿವಾಹಗಳನ್ನು ಬರೆದಿಡುವುದು ಕಡ್ಡಾಯವಾಯಿತು. ಮುಂದೆ ಮರಣದ ದಾಖಲೆಯೂ ಸೇರಿತು. ಒಬ್ಬರ ಮದುವೆ ಎಲ್ಲಿಯೇ ನಡೆಯಲಿ, ಅದರ ವಿವರ ಅವರಿಗೆ ಜ್ಞಾನಸ್ನಾನವಾದ ಊರಿನ ಧರ್ಮಕೇಂದ್ರಕ್ಕೆ ಹೋಗಿ, ಅಲ್ಲಿನ ರಿಜಿಸ್ಟರಿನಲ್ಲಿ ಅವರ ಹೆಸರಿನ ಪಕ್ಕದ ಅಂಚಿನಲ್ಲಿ ದಾಖಲಾಗಬೇಕು. ಕನಕಪುರದ ಹಳ್ಳಿಯಲ್ಲಿ ಹುಟ್ಟಿದ ಹುಡುಗಿ ಬೆಂಗಳೂರಿನಲ್ಲಿ ಮದುವೆಯಾದರೂ ಅವಳ ತವರಿನ ಪುಸ್ತಕಕ್ಕೆ ಆ ಸುದ್ದಿ ಮುಟ್ಟುತ್ತದೆ. ಯಾವ ಕಾಲದಲ್ಲಿ ಯಾವ ಕಡೆಯಿಂದ ಜನ ಬಂದರು ಎಂದು ತಿಳಿಯಬೇಕಾದವರಿಗೆ ಈ ಹಳೆಯ ಪುಸ್ತಕಗಳು ಒಂದು ರೀತಿಯ ಜನಗಣತಿ.

ಶ್ರೀರಂಗಪಟ್ಟಣದ ಬೇರು

ಮೈಸೂರು ಸೀಮೆಯ ಕ್ಯಾಥೋಲಿಕ್ ಇತಿಹಾಸ ದಂಡಿನಿಂದ ಆರಂಭವಾಗುವುದಿಲ್ಲ. 17ನೆಯ ಶತಮಾನದ ಮಧ್ಯಭಾಗದಲ್ಲಿ ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಗೋವೆಯ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಬಂದರು. ಕನ್ನಡ ಕಲಿತು ಆ ಭಾಷೆಯಲ್ಲೇ ಧರ್ಮೋಪದೇಶದ ಪುಸ್ತಕ ಬರೆದರು. ಅವರು ನೆಲೆಗೊಳಿಸಿದ ಮಿಷನ್ನಿನ ಭಾಷೆ ಕನ್ನಡವೇ ಆಗಿತ್ತು. ಮುಂದೆ 18ನೆಯ ಶತಮಾನದ ಆರಂಭದಲ್ಲಿ ಪಾಂಡಿಚೇರಿಯ ಕಡೆಯಿಂದ ಬಂದ ಫ್ರೆಂಚ್ ಜೆಸುಯಿಟರು ಚಿಕ್ಕಬಳ್ಳಾಪುರ, ದೇವನಹಳ್ಳಿಯ ಸುತ್ತ ತೆಲುಗು ಮಾತನಾಡುವ ಜನರ ನಡುವೆ ಕೆಲಸ ಮಾಡಿದರು. ಹೀಗೆ ಬೆಂಗಳೂರಿನ ಸುತ್ತಮುತ್ತ ಮೊದಲಿನಿಂದಲೂ ಒಂದಕ್ಕಿಂತ ಹೆಚ್ಚು ಭಾಷೆಯ ಕ್ರೈಸ್ತರಿದ್ದರು.

1773ರಲ್ಲಿ ಪೋಪ್ ಜೆಸುಯಿಟ್ ಸಂಸ್ಥೆಯನ್ನೇ ವಿಸರ್ಜಿಸಿದರು. ಈ ಭಾಗದ ಕೆಲಸ ಕ್ರಮೇಣ ಪ್ಯಾರಿಸಿನ ವಿದೇಶಿ ಮಿಷನ್ ಸಂಸ್ಥೆಯ ಪಾದ್ರಿಗಳ ಕೈಗೆ ಬಂತು. ಟಿಪ್ಪುವಿನ ಕಾಲದಲ್ಲಿ ಮಿಷನ್ ಚದುರಿಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಉಳಿದಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಬಂದವರು ಅಬ್ಬೆ ದುಬುವಾ.

ದುಬುವಾ ಹೆಸರು ಕ್ರೈಸ್ತರಲ್ಲದವರಿಗೂ ಪರಿಚಿತ. ಹಿಂದೂಗಳ ರೀತಿನೀತಿ, ಆಚಾರಗಳನ್ನು ಕುರಿತು ಅವರು ಬರೆದ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು. ದೇಶೀಯ ಉಡುಪು ತೊಟ್ಟು, ಇಲ್ಲಿನವರಂತೆ ಬದುಕಿದ ಅವರನ್ನು ಜನ ‘ದೊಡ್ಡ ಸ್ವಾಮಿಯೋರು’ ಎಂದು ಕರೆಯುತ್ತಿದ್ದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ ಹರಡಿದವರಲ್ಲಿ ಅವರೂ ಒಬ್ಬರು.

ಈ ನಡುವೆ 1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸಾಗಿಸಿದರು. ಕಾವೇರಿ ತೀರದ ಜ್ವರ ಸಿಪಾಯಿಗಳನ್ನು ಹಣ್ಣು ಮಾಡಿತ್ತು. ಇಲ್ಲಿನ ಹವೆ ಹಿತವಾಗಿತ್ತು. ದಂಡು ಬಂದ ಮೇಲೆ ಅದರ ಹಿಂದೆ ಸಾಮಾನು ಪೂರೈಸುವವರು, ಅಡುಗೆಯವರು, ಬಟ್ಲರುಗಳು, ಗಾರೆ ಕೆಲಸದವರು, ಕೂಲಿಯವರು ಬಂದರು. ಇವರಲ್ಲಿ ತಮಿಳು ಸೀಮೆಯವರೇ ಹೆಚ್ಚು. ಕ್ಯಾಥೋಲಿಕರೂ ಗಣನೀಯ ಸಂಖ್ಯೆಯಲ್ಲಿದ್ದರು.

ದಂಡಿನ ಅಂಚಿನಲ್ಲಿದ್ದ ಹಳ್ಳಿಗೆ ಬ್ಲ್ಯಾಕ್‌ಪಲ್ಲಿ ಎಂಬ ಹೆಸರಿತ್ತು. ಸೆಂಜಿಯ ಕಡೆಯಿಂದ ಬಂದು ನೆಲೆಸಿದ್ದ ರೈತರು ಬಿಳಿಯ ಅಕ್ಕಿ ಬೆಳೆಯುತ್ತಿದ್ದುದರಿಂದ ‘ಬಿಳಿ ಅಕ್ಕಿ ಹಳ್ಳಿ’ ಎಂಬ ಹೆಸರು ಬಂದು, ಇಂಗ್ಲಿಷರ ಬಾಯಲ್ಲಿ ಹೀಗಾಯಿತು ಎಂಬುದು ಒಂದು ವಾದ. ದಂಡನ್ನು ಯೋಜಿಸಿದ ಬ್ಲೇಕಿಸ್ಟನ್ ಎಂಬ ಎಂಜಿನಿಯರನ ಹೆಸರಿನಿಂದ ಬಂದಿತೆಂಬುದು ಇನ್ನೊಂದು ವಾದ. ಇಲ್ಲಿ ದುಬುವಾ ಒಂದು ಪುಟ್ಟ ಪ್ರಾರ್ಥನಾ ಮಂದಿರ ಕಟ್ಟಿಸಿದರು. ಜನ ಅದನ್ನು ‘ಕಾಣಿಕೆ ಮಾತೆ’ಯ ಗುಡಿ ಎಂದು ಕರೆದರು. ಪಾಂಡಿಚೇರಿಯಿಂದ ಬಂದ ಭಾರತೀಯ ಪಾದ್ರಿ ಆಂಡ್ರಿಯಾಸ್ ಮುಂದೆ ಅದನ್ನು ಶಿಲುಬೆಯ ಆಕಾರಕ್ಕೆ ವಿಸ್ತರಿಸಿದರು.

ಒಂದು ವಿಪರ್ಯಾಸವನ್ನು ಇಲ್ಲಿ ಗಮನಿಸಬೇಕು. ದುಬುವಾ 1823ರಲ್ಲಿ ಭಾರತ ಬಿಟ್ಟು ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಪ್ರಕಟವಾದ ಅವರ ಪತ್ರಗಳ ಸಂಗ್ರಹದಲ್ಲಿ, ಈ ದೇಶದಲ್ಲಿ ಕ್ರೈಸ್ತ ಧರ್ಮ ಹರಡುವ ಸಾಧ್ಯತೆಯೇ ಇಲ್ಲವೆಂದು ಕೈಚೆಲ್ಲಿದ್ದರು. ಮತಾಂತರದ ಮಟ್ಟಿಗೆ ಅವರ ನಿರಾಶೆಗೆ ಕಾರಣಗಳಿದ್ದವು. ಆದರೆ ಅವರೇ ಕಟ್ಟಿಸಿದ ಗುಡಿಯ ಜನ ಹೆಚ್ಚಾದದ್ದು ಬೇರೆ ದಾರಿಯಿಂದ. ಹೊಟ್ಟೆಪಾಡಿಗಾಗಿ ನಗರಕ್ಕೆ ಬಂದವರು ತಮ್ಮ ದೇವರನ್ನೂ ಜೊತೆಗೆ ತಂದರು. ಬೆಂಗಳೂರಿನ ಧರ್ಮಕೇಂದ್ರಗಳ ಬೆಳವಣಿಗೆಯಲ್ಲಿ ವಲಸೆಯ ಪಾಲು ಬಹು ದೊಡ್ಡದು.

ದಂಡು, ಪೇಟೆ, ಬರ, ಪ್ಲೇಗು

ಬೆಂಗಳೂರು ಆಗ ಎರಡು ಊರು. ಒಂದು ಕಡೆ ಮಾಮೂಲ್‌ಪೇಟೆ, ಚಿಕ್ಕಪೇಟೆ, ಬಳೇಪೇಟೆಗಳ ಹಳೆಯ ಪೇಟೆ. ಅಲ್ಲಿ ಕನ್ನಡ, ತೆಲುಗು ಹೆಚ್ಚು. ಇನ್ನೊಂದು ಕಡೆ ತಮಿಳು, ಉರ್ದು, ಇಂಗ್ಲಿಷು ಮೊಳಗುವ ದಂಡು. 1881ರಲ್ಲಿ ಮೈಸೂರು ಒಡೆಯರಿಗೆ ರಾಜ್ಯ ಮರಳಿದರೂ ದಂಡಿನ ಪ್ರದೇಶ 1947ರವರೆಗೆ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಚರ್ಚುಗಳೂ ಈ ಗೆರೆಯನ್ನೇ ಅನುಸರಿಸಿದವು. ಪೇಟೆಯ ಅಂಚಿನ ಕಲಾಸಿಪಾಳ್ಯದಲ್ಲಿ ಸಂತ ಜೋಸೆಫರ ದೇವಾಲಯವಿತ್ತು. ದಂಡಿನಲ್ಲಿ ಐರಿಷ್ ಸೈನಿಕರಿಗಾಗಿ ಅವರ ನಾಡಿನ ಸಂತ ಪ್ಯಾಟ್ರಿಕ್ ಹೆಸರಿನ ಚರ್ಚು 1840ರ ದಶಕದಲ್ಲಿ ಎದ್ದಿತು. ಬ್ಲ್ಯಾಕ್‌ಪಲ್ಲಿಯ ಸಂತ ಮೇರಿ ದೇವಾಲಯ ದೇಶೀಯ ಕ್ರೈಸ್ತರದಾಯಿತು. ಅಲ್ಲಿ ತಮಿಳು ಮುಖ್ಯ ಭಾಷೆಯಾದದ್ದು ಯಾರೋ ಕೂತು ತೀರ್ಮಾನಿಸಿದ್ದರಿಂದಲ್ಲ, ಸುತ್ತ ನೆಲೆಸಿದವರು ಆ ಭಾಷೆಯವರಾಗಿದ್ದರಿಂದ.

ಹಾಗೆಂದು ಫ್ರೆಂಚ್ ಪಾದ್ರಿಗಳು ಕನ್ನಡವನ್ನು ಕಡೆಗಣಿಸಿದರು ಎನ್ನುವಂತಿಲ್ಲ. 1850ರಲ್ಲಿ ಮೈಸೂರು ಪಾಂಡಿಚೇರಿಯಿಂದ ಪ್ರತ್ಯೇಕಗೊಂಡು ತನ್ನದೇ ಬಿಷಪ್ಪರನ್ನು ಪಡೆಯಿತು. ಆ ಬಿಷಪ್ ಶಾರ್ಬೊನೊ 1861ರಲ್ಲಿ ಬೆಂಗಳೂರಿನಲ್ಲಿ ಲ್ಯಾಟಿನ್–ಕನ್ನಡ ನಿಘಂಟನ್ನು ಅಚ್ಚು ಹಾಕಿಸಿದರು. ಅದಕ್ಕೂ ಮೊದಲು, 1855ರಲ್ಲಿಯೇ ಪಾದ್ರಿ ಬೂತಲೂ ಅವರ ಕನ್ನಡ–ಲ್ಯಾಟಿನ್ ನಿಘಂಟು ಹೊರಬಂದಿತ್ತು. ಕಿಟ್ಟೆಲರ ನಿಘಂಟು ಬಂದದ್ದು 1894ರಲ್ಲಿ ಎಂಬುದನ್ನು ನೆನೆದರೆ ಈ ಕೆಲಸದ ಹಿರಿಮೆ ತಿಳಿದೀತು. ಲ್ಯಾಟಿನ್ ಬಲ್ಲವರಿಗಷ್ಟೇ ಉಪಯೋಗಕ್ಕೆ ಬರುತ್ತಿದ್ದುದರಿಂದ ಇವು ಕನ್ನಡಿಗರ ನಡುವೆ ಹೆಸರಾಗಲಿಲ್ಲ.

1876ರಿಂದ 1878ರವರೆಗಿನ ಭೀಕರ ಬರ ಮೈಸೂರು ಸೀಮೆಯನ್ನು ಬರಿದು ಮಾಡಿತು. 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅನಾಥರಾದ ಮಕ್ಕಳನ್ನು ಮಿಷನ್ನಿನವರು ಸಾಕಿ, ಬೆಳೆದ ಮೇಲೆ ಅವರಿಗಾಗಿ ಬೇಸಾಯದ ಹಳ್ಳಿಗಳನ್ನು ಕಟ್ಟಿದರು. ಹೆಸರಘಟ್ಟದ ಕಡೆಯ ಸಿಲುವೆಪುರ, ಕನಕಪುರ ಸೀಮೆಯ ಮರಿಯಾಪುರ ಇಂಥವು. ಒಂದರಲ್ಲಿ ಶಿಲುಬೆ, ಇನ್ನೊಂದರಲ್ಲಿ ಮರಿಯಮ್ಮ. ಊರಿನ ಹೆಸರುಗಳೇ ಕಥೆ ಹೇಳುತ್ತವೆ. ಈ ಹಳ್ಳಿಗಳೂ, ಯೇಸುವಿನ ಪಾಡುಗಳ ನಾಟಕಕ್ಕೆ ಹೆಸರಾದ ಹಾರೋಬೆಲೆಯಂಥ ಹಳೆಯ ಊರುಗಳೂ ಕನ್ನಡ ಕ್ರೈಸ್ತರ ನೆಲೆಗಳು. ಮುಂದೆ ಇಲ್ಲಿನ ಮಕ್ಕಳು ಕೆಲಸ ಹುಡುಕಿ ನಗರಕ್ಕೆ ಬಂದಾಗ ಭಾಷೆಯ ಪ್ರಶ್ನೆ ಎದ್ದಿತು.

ಬರ ಕಳೆದ ಬೆನ್ನಿಗೇ ಬ್ಲ್ಯಾಕ್‌ಪಲ್ಲಿಯಲ್ಲಿ ಹೊಸ ದೇವಾಲಯ ತಲೆಯೆತ್ತಿತು. ಪಾದ್ರಿ ಕ್ಲೈನರ್ ಅವರ ಮುಂದಾಳುತನದಲ್ಲಿ ಗಾಥಿಕ್ ಶೈಲಿಯಲ್ಲಿ ಕಟ್ಟಿದ ಈ ದೇವಾಲಯದ ಪ್ರತಿಷ್ಠೆ 1882ರ ಸೆಪ್ಟೆಂಬರ್ 8ರಂದು ಬಿಷಪ್ ಕೊವಾದು ಅವರಿಂದ ನಡೆಯಿತು. ಚೂಪು ಕಮಾನುಗಳು, ಬಣ್ಣದ ಗಾಜಿನ ಕಿಟಕಿಗಳು, ಸುಮಾರು 160 ಅಡಿ ಎತ್ತರದ ಗೋಪುರ ಇಂದಿಗೂ ನೋಡುಗರನ್ನು ನಿಲ್ಲಿಸುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಜುಗಳನ್ನು ಕಳಚಿಟ್ಟು 1947ರಲ್ಲಿ ಮತ್ತೆ ಕೂರಿಸಲಾಯಿತು. ಕ್ಲೈನರ್ ಮುಂದೆ 1890ರಿಂದ 1910ರವರೆಗೆ ಮೈಸೂರಿನ ಬಿಷಪ್ಪರಾಗಿದ್ದರು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಕಿಕ್ಕಿರಿದ ಪೇಟೆಯಿಂದ ಜನ ಓಡಿದರು. ಸರ್ಕಾರ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳಲ್ಲಿ ಗಾಳಿ ಬೆಳಕಿನ ನಿವೇಶನ ಹಂಚಿತು. ಚಾಮರಾಜಪೇಟೆ 1892ರಲ್ಲೇ ಆರಂಭವಾಗಿತ್ತು. ಊರಿನಲ್ಲಿ ‘ಪ್ಲೇಗಿನಮ್ಮ’ನ ಗುಡಿಗಳು ಹುಟ್ಟಿದ ಕಾಲದಲ್ಲೇ ದಂಡಿನ ಜನ ಆರೋಗ್ಯಮಾತೆ ಮರಿಯಮ್ಮನಿಗೆ ಮೊರೆಹೋದರು. ಶಿವಾಜಿನಗರದ ಹಬ್ಬಕ್ಕೆ ಜಾತಿ ಮತ ಮೀರಿ ಜನ ಸೇರುವ ವಾಡಿಕೆ ಬಲಗೊಂಡದ್ದು ಆ ಸಂಕಟದಲ್ಲಿ ಎಂಬುದು ಭಕ್ತರ ನಂಬಿಕೆ.

ತಾಯಿಯಿಂದ ಮಗಳು

ಧರ್ಮಕೇಂದ್ರ ಒಡೆದು ಬೆಳೆಯುತ್ತದೆ. ಒಂದು ಚರ್ಚಿನ ಸರಹದ್ದಿನ ದೂರದ ಮೂಲೆಯಲ್ಲಿ ಜನ ಹೆಚ್ಚಿದಾಗ ಮೊದಲು ಯಾರದೋ ಮನೆಯಲ್ಲಿ, ಶಾಲೆಯ ಕೊಠಡಿಯಲ್ಲಿ ಇಲ್ಲವೇ ಗುಡಾರದಲ್ಲಿ ಭಾನುವಾರದ ಪೂಜೆ ನಡೆಯುತ್ತದೆ. ನಿವೇಶನಕ್ಕೆ ಹಣ ಕೂಡಿಸುತ್ತಾರೆ. ಕಟ್ಟಡ ಎದ್ದು, ಪಾದ್ರಿಯೊಬ್ಬರು ಅಲ್ಲೇ ಉಳಿಯುವಂತಾದ ಮೇಲೆ ಬಿಷಪ್ ಅದನ್ನು ಸ್ವತಂತ್ರ ಧರ್ಮಕೇಂದ್ರವೆಂದು ಸಾರುತ್ತಾರೆ. ಅಂದಿನಿಂದ ಅಲ್ಲಿ ಹೊಸ ರಿಜಿಸ್ಟರು ಆರಂಭ.

ಇದೇ ನಿಯಮ ಮೇಲಿನ ಹಂತಕ್ಕೂ ಅನ್ವಯಿಸಿತು. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯವಾಯಿತು. 1940ರಲ್ಲಿ ಅದರಿಂದ ಬೆಂಗಳೂರು ಪ್ರತ್ಯೇಕವಾಯಿತು. 1953ರಲ್ಲಿ ಬೆಂಗಳೂರು ಮಹಾಧರ್ಮಪ್ರಾಂತ್ಯದ ಪದವಿಗೇರಿ, ಥಾಮಸ್ ಪೋತಕಮೂರಿ ಮೊದಲ ಆರ್ಚ್‌ಬಿಷಪ್ ಆದರು. ಫ್ರೆಂಚರ ಕಾಲ ಮುಗಿದು ಭಾರತೀಯರ ಆಡಳಿತ ಬಂದಿತ್ತು.

ಅದೇ ಹೊತ್ತಿಗೆ ನಗರವೂ ಮೈ ಬದಲಿಸುತ್ತಿತ್ತು. 1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ಕಾರ್ಪೊರೇಷನ್ ಆಯಿತು. 1940ರಲ್ಲಿ ಆರಂಭವಾದ ಎಚ್‌ಎಎಲ್, ಆಮೇಲಿನ ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಮಂಗಳೂರು, ಕೇರಳ, ತಮಿಳುನಾಡು, ಗೋವೆಗಳಿಂದ ಕೆಲಸಗಾರರನ್ನು ಸೆಳೆದವು. ಕೊಂಕಣಿ, ಮಲಯಾಳಂ ಮಾತನಾಡುವ ಕ್ಯಾಥೋಲಿಕರು ಹೊಸ ಬಡಾವಣೆಗಳಲ್ಲಿ ಮನೆ ಮಾಡಿದರು. ವಿವೇಕನಗರದ ಬಾಲಯೇಸು ದೇವಾಲಯ ಆ ಕಾಲದ ಕೂಸು. 1971ರಲ್ಲಿ ಗುಡಾರದಲ್ಲಿ ಆರಂಭವಾದ ಅಲ್ಲಿನ ಪ್ರಾರ್ಥನೆಗೆ ಈಗ ಗುರುವಾರಗಳಂದು ನಗರದ ಎಲ್ಲ ಮೂಲೆಗಳಿಂದ ಜನ ಬರುತ್ತಾರೆ.

ಇತ್ತ ಸಂತ ಮೇರಿ ದೇವಾಲಯಕ್ಕೆ 1973ರಲ್ಲಿ ಪೋಪ್ ಆರನೆಯ ಪಾಲ್ ‘ಬೆಸಿಲಿಕಾ’ ಗೌರವ ನೀಡಿದರು. ರೋಮಿನ ನಾಲ್ಕು ಹಿರಿಯ ಬೆಸಿಲಿಕಾಗಳನ್ನು ಬಿಟ್ಟರೆ ಜಗತ್ತಿನ ಉಳಿದವೆಲ್ಲ ‘ಕಿರಿಯ ಬೆಸಿಲಿಕಾ’ಗಳೇ. ಕರ್ನಾಟಕದಲ್ಲಿ ಈ ಗೌರವ ಪಡೆದ ಮೊದಲ ದೇವಾಲಯ ಇದು. ಎರಡನೆಯದಕ್ಕಾಗಿ ನಾಲ್ಕು ದಶಕ ಕಾಯಬೇಕಾಯಿತು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ದೇವಾಲಯಕ್ಕೆ 2016ರಲ್ಲಿ, ಡೋರ್ನಹಳ್ಳಿಯ ಸಂತ ಅಂತೋಣಿಯವರ ದೇವಾಲಯಕ್ಕೆ 2019ರಲ್ಲಿ ಅದು ಸಂದಿತು.

ಯಾವ ಭಾಷೆಯಲ್ಲಿ ಪೂಜೆ?

1960ರ ದಶಕದವರೆಗೆ ಈ ಪ್ರಶ್ನೆ ಅಷ್ಟು ಚುರುಕಾಗಿ ಏಳುವಂತಿರಲಿಲ್ಲ. ಪ್ರಸಂಗ, ಹಾಡು, ಜಪ ಜನರ ಭಾಷೆಯಲ್ಲಿದ್ದರೂ ಬಲಿಪೂಜೆ ಮಾತ್ರ ಜಗತ್ತಿನ ಎಲ್ಲೆಡೆಯಂತೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಯಾರ ಭಾಷೆಯೂ ಅಲ್ಲದ ಭಾಷೆ ಎಲ್ಲರ ಭಾಷೆಯಾಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಪೂಜೆಯಲ್ಲಿ ಜನಭಾಷೆಯ ಬಳಕೆಗೆ ಅನುಮತಿ ನೀಡಿತು. ಬೆಂಗಳೂರಿನ ಮಟ್ಟಿಗೆ ಆ ನಿರ್ಧಾರ ಬಿಡಿಸಲಾಗದ ಗಂಟೊಂದನ್ನು ತಂದಿತು. ಇಲ್ಲಿನ ‘ಜನಭಾಷೆ’ ಯಾವುದು?

ತಮಿಳು ಕ್ಯಾಥೋಲಿಕರ ವಾದ ಸರಳ. ಐದಾರು ತಲೆಮಾರುಗಳಿಂದ ನಾವು ಇಲ್ಲಿಯವರು, ಈ ಚರ್ಚುಗಳ ಗೋಡೆಗಳನ್ನು ಎತ್ತಿದ್ದು ನಮ್ಮ ಹಿರಿಯರ ಬೆವರು, ಅಜ್ಜಿ ಕಲಿಸಿದ ಜಪವನ್ನು ಬಿಡಿ ಎಂದರೆ ಹೇಗೆ ಎಂಬುದು ಅವರ ಅಳಲು. ಕನ್ನಡ ಕ್ಯಾಥೋಲಿಕರ ವಾದವೂ ಅಷ್ಟೇ ನೇರ. ಈ ಮಿಷನ್ನು ಶ್ರೀರಂಗಪಟ್ಟಣದಲ್ಲಿ ಕನ್ನಡದಲ್ಲಿ ಹುಟ್ಟಿದ್ದು. ಹಳ್ಳಿಯಿಂದ ಬಂದ ನಮಗೆ ನಮ್ಮದೇ ರಾಜಧಾನಿಯ ಚರ್ಚಿನಲ್ಲಿ ನಮ್ಮ ಭಾಷೆಯ ಪೂಜೆ ಇಲ್ಲದಿದ್ದರೆ, ಇದ್ದರೂ ಅನುಕೂಲವಲ್ಲದ ವೇಳೆಯಲ್ಲಿದ್ದರೆ, ಪರಕೀಯರು ನಾವೋ ಅವರೋ ಎಂದು ಅವರು ಕೇಳಿದರು. ಕನ್ನಡದ ಚರ್ಚುಗಳಿಲ್ಲದೆ ಕ್ರೈಸ್ತರನ್ನು ನಾಡಿನವರೆಂದು ಉಳಿದ ಕನ್ನಡಿಗರು ಒಪ್ಪುವುದು ಹೇಗೆ ಎಂಬ ಆತಂಕವೂ ಅದರೊಳಗಿತ್ತು. ಗೋಕಾಕ್ ಚಳವಳಿ ನಾಡನ್ನು ಎಬ್ಬಿಸಿದ 1980ರ ದಶಕದಲ್ಲಿ ಈ ದನಿ ಚರ್ಚಿನೊಳಗೂ ಗಟ್ಟಿಯಾಯಿತು. ಮುಂದಿನ ದಶಕಗಳಲ್ಲಿ ವಾದ, ಧರಣಿ, ಪ್ರತಿಭಟನೆಗಳು ಮತ್ತೆ ಮತ್ತೆ ನಡೆದವು.

ಧರ್ಮಸಭೆಯ ಕಾನೂನು ಇದಕ್ಕೆ ಉತ್ತರ ಕೊಡುತ್ತದೆಯೇ? 1983ರ ಸಂಹಿತೆಯ ಪ್ರಕಾರ ಧರ್ಮಕೇಂದ್ರ ಸಾಮಾನ್ಯವಾಗಿ ಪ್ರದೇಶವನ್ನು ಆಧರಿಸಿರಬೇಕು. ಆದರೆ ಅಗತ್ಯ ಕಂಡಲ್ಲಿ ಭಾಷೆ, ಪೂಜಾಪದ್ಧತಿ ಅಥವಾ ರಾಷ್ಟ್ರೀಯತೆಯ ಆಧಾರದ ಮೇಲೂ ಸ್ಥಾಪಿಸಬಹುದು. ಅಂದರೆ ಕಾನೂನು ಎರಡೂ ಬಾಗಿಲು ತೆರೆದಿದೆ. ಪ್ರದೇಶ ಎಂದರೆ ನೆರೆಹೊರೆಯವರು ಒಂದೇ ಸೂರಿನಡಿ ಸೇರಬೇಕು. ಭಾಷೆ ಎಂದರೆ ಒಂದೇ ಬೀದಿಯವರು ನಾಲ್ಕು ದಿಕ್ಕಿಗೆ ಹೋಗಬೇಕು. ಬೆಂಗಳೂರಿನ ಬಹುಪಾಲು ಚರ್ಚುಗಳು ಹಿಡಿದ ದಾರಿ ಇವೆರಡರ ನಡುವಿನದು. ಸೂರು ಒಂದೇ, ವೇಳಾಪಟ್ಟಿ ಬೇರೆ ಬೇರೆ. ಭಾನುವಾರ ಬೆಳಗಿನ ಒಂದು ಹೊತ್ತು ಕನ್ನಡಕ್ಕೆ, ಮತ್ತೊಂದು ತಮಿಳಿಗೆ, ಇನ್ನೊಂದು ಇಂಗ್ಲಿಷಿಗೆ.

ಪೂಜಾಪದ್ಧತಿಯ ವಿಷಯದಲ್ಲಿ ಮಾತ್ರ ರೋಮ್ ಬೇರೆಯೇ ತೀರ್ಮಾನ ಕೈಗೊಂಡಿತು. ಕೇರಳ ಮೂಲದ ಸಿರೋ ಮಲಬಾರ್ ಪದ್ಧತಿಯವರಿಗೆ 2010ರಲ್ಲಿ ಮಂಡ್ಯ ಧರ್ಮಪ್ರಾಂತ್ಯ ಸ್ಥಾಪನೆಯಾಗಿ, 2015ರಲ್ಲಿ ಅದರ ವ್ಯಾಪ್ತಿ ಬೆಂಗಳೂರಿಗೂ ವಿಸ್ತರಿಸಿತು. ಹೀಗಾಗಿ ಇಂದು ನಗರದ ಒಂದೇ ಬೀದಿಯ ಇಬ್ಬರು ಕ್ಯಾಥೋಲಿಕರಿಗೆ ಇಬ್ಬರು ಬೇರೆ ಬೇರೆ ಬಿಷಪ್ಪರಿರಬಹುದು.

ಮುಂದಿನ ತಲೆಮಾರು

ಕಾಲ ಈ ಜಗಳದ ಸ್ವರೂಪವನ್ನೇ ಬದಲಿಸುತ್ತಿದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ತಮಿಳು ಮನೆಯ ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ, ಬೀದಿಯಲ್ಲಿ ಮೂರು ಭಾಷೆ ಆಡುತ್ತಾರೆ. ಕನ್ನಡ, ತಮಿಳು, ಕೊಂಕಣಿ ಯಾವ ಮನೆಯ ಮಕ್ಕಳೇ ಆಗಲಿ, ಕಾನ್ವೆಂಟ್ ಶಿಕ್ಷಣ ಪಡೆದ ಮೇಲೆ ಇಂಗ್ಲಿಷ್ ಪೂಜೆಯತ್ತ ಸರಿಯುವುದೂ ಉಂಟು. ಹಿರಿಯರು ಪರಸ್ಪರ ಯಾವ ಭಾಷೆಗೆ ಹೆಚ್ಚು ಹೊತ್ತು ಎಂದು ವಾದಿಸುತ್ತಿರುವಾಗ, ಎರಡೂ ಕಡೆಯ ಮಕ್ಕಳು ಮೂರನೆಯ ಭಾಷೆಯನ್ನು ಆರಿಸಿಕೊಂಡರೆ ಗೆದ್ದವರು ಯಾರು? ಸಿಲುವೆಪುರ, ಹಾರೋಬೆಲೆಗಳ ಕನ್ನಡ ಹಾಡು, ಬ್ಲ್ಯಾಕ್‌ಪಲ್ಲಿಯ ಅಜ್ಜಿಯರ ತಮಿಳು ಜಪ ಎರಡಕ್ಕೂ ಇದು ಸಮಾನ ಸವಾಲು.

ಒಂದು ಕಾಲದಲ್ಲಿ ಊರಾಚೆಯ ಹೊಲವಾಗಿದ್ದ ಶಿವಾಜಿನಗರ ಈಗ ನಗರದ ಹೊಟ್ಟೆಯೊಳಗಿದೆ. ಊರ ಅಂಚು ಇನ್ನೂ ಮುಂದಕ್ಕೆ ಸರಿದಿದೆ. ಅಲ್ಲಿನ ಹೊಸ ಬಡಾವಣೆಗಳಿಗೆ ಬಂದು ನೆಲೆಸುವವರು ಈಗ ಜಾರ್ಖಂಡ್, ಈಶಾನ್ಯ ರಾಜ್ಯಗಳ ಕಡೆಯವರೂ ಹೌದು. ಅವರೂ ತಮ್ಮ ಹಾಡು, ತಮ್ಮ ಜಪ ತಂದಿದ್ದಾರೆ. ಬಿಳಿಯಕ್ಕಿ ಹಳ್ಳಿಯಲ್ಲಿ ಎರಡು ಶತಮಾನಗಳ ಹಿಂದೆ ನಡೆದುದೇ ಅಲ್ಲಿಯೂ ನಡೆಯಲಿದೆ. ಆಗ ಯಾರೂ ಕೇಳದ ಪ್ರಶ್ನೆಯನ್ನು ಈಗ ಮೊದಲೇ ಕೇಳಿಕೊಳ್ಳುವ ಅವಕಾಶ ಇದೆ. ಬಂದವರ ಭಾಷೆಗೂ ಜಾಗವಿದ್ದು, ನೆಲದ ಭಾಷೆಯೂ ಅವರದಾಗುವಂತೆ ಮಾಡುವುದು ಹೇಗೆ ಎಂಬುದು ಆ ಪ್ರಶ್ನೆ. ಅದು ಚರ್ಚಿನದಷ್ಟೇ ಅಲ್ಲ, ಬೆಂಗಳೂರಿನದೂ ಹೌದು.